ಲೈನಿಂಗ್ ಇಟ್ಟು ಹೊಲಿದ ಗೊಂಬೆ

ಟೈಲರಮ್ಮನ ಟೇಪು ಅಳೆಯದ ಮೈ ಆ ಬೀದಿಯಲ್ಲಿ ಇರಲಿಲ್ಲ. ಯಾರ ಎಡಭುಜ ಬಲಭುಜಕ್ಕಿಂತ ತುಸು ಇಳಿದಿದೆ, ಅಳತೆ ಕೊಡುವಾಗ ಯಾರು ಉಸಿರು ಬಿಗಿಹಿಡಿದು ಸೊಂಟ ಸಣ್ಣದು ಮಾಡಿ ತೋರಿಸುತ್ತಾರೆ, ಯಾರ ಮನೆಯ ಸಿಹಿಸುದ್ದಿ ಗಂಡನಿಗಿಂತ ಮೊದಲು ಟೇಪಿಗೆ ತಿಳಿಯುತ್ತದೆ, ಎಲ್ಲವೂ ಅವಳಿಗೆ ಗೊತ್ತು. ಗೊತ್ತಿದ್ದೂ ಬಾಯಿ ಬಿಡುವವಳಲ್ಲ. ಎಷ್ಟರಮಟ್ಟಿಗೆ ಎಂದರೆ, ಅಳತೆ ಬರೆದುಕೊಳ್ಳುವಾಗಲೂ ಅಂಗದ ಹೆಸರೆತ್ತುತ್ತಿರಲಿಲ್ಲ. ಮೇಲಿನದು, ನಡುವಿನದು, ಕೆಳಗಿನದು. ಈ ಮೂರೇ ಮಾತಿನಲ್ಲಿ ಇಡೀ ಮನುಷ್ಯಕುಲವನ್ನು ಸುತ್ತಿ ಗಂಟು ಕಟ್ಟಿಬಿಡುತ್ತಿದ್ದಳು.

ಇದಕ್ಕೆ ಅವಳು ಓದಿದ ಕಾನ್ವೆಂಟೂ ಸ್ವಲ್ಪ ಕಾರಣ. ವಿಜ್ಞಾನ ಕಲಿಸುತ್ತಿದ್ದ ಸಿಸ್ಟರು ಜೀರ್ಣಾಂಗಗಳ ಪಾಠ ಮುಗಿಸಿದವರೇ, ಮುಂದಿನ ಪಾಠದ ಹಾಳೆಗಳನ್ನೆಲ್ಲ ಸೇರಿಸಿ ಗುಂಡುಸೂಜಿ ಚುಚ್ಚಲು ಹೇಳಿ, ಅಲ್ಲಿಂದ ಒಂದೇ ನೆಗೆತಕ್ಕೆ ಹೂವು ಮತ್ತು ದುಂಬಿಗೆ ಹಾರಿದ್ದರು. "ಉಳಿದದ್ದು ಮನೆಯಲ್ಲಿ ಕೇಳಿ" ಎಂದರು. ಮನೆಯಲ್ಲಿ ಕೇಳಿದರೆ ಅಮ್ಮ, "ಅದಕ್ಕೇ ತಾನೇ ಸ್ಕೂಲಿಗೆ ಕಳಿಸೋದು" ಎಂದಳು. ಹೀಗಾಗಿ ಟೈಲರಮ್ಮನ ಪಾಲಿಗೆ ಮನುಷ್ಯಪ್ರಾಣಿ ಹೊಕ್ಕುಳಿಗೆ ಮುಗಿದು ಮೊಣಕಾಲಿನಲ್ಲಿ ಮತ್ತೆ ಶುರುವಾಗುತ್ತಿತ್ತು. ನಡುವಿನ ಸೀಮೆಗೆ ಬಟ್ಟೆ ಹೊಲಿದುಕೊಡುವುದಷ್ಟೇ ಅವಳ ಜವಾಬ್ದಾರಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಗಂಡ ಇಸ್ತ್ರಿ ಮಾಡುತ್ತಿದ್ದ. ಅವನ ಮಾತಿಗಿಂತ ಇಸ್ತ್ರಿಪೆಟ್ಟಿಗೆಯ ಬುಸುಗುಡುವಿಕೆಯೇ ಹೆಚ್ಚು. ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ, ಮಗಳು ಕೂತಿರುತ್ತಿದ್ದಳು. ಇಪ್ಪತ್ತು ದಾಟಿದ ಹುಡುಗಿ. ಹುಟ್ಟಿದಾಗಲೇ ಡಾಕ್ಟರು ಡೌನ್ ಸಿಂಡ್ರೋಮ್ ಎಂದಿದ್ದರು, ಕಲಿಯುವುದು ನಿಧಾನವಾಗುತ್ತದೆ ಎಂದಿದ್ದರು. ನಿಧಾನವೇನೋ ಹೌದು. ಆದರೆ ಒಮ್ಮೆ ಕಲಿತದ್ದನ್ನು ಅವಳ ಕೈಯಿಂದ ಬಿಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಅಂಗಿಗೆ ಗುಂಡಿ ಹಾಕುವ ಕೆಲಸ ಅವಳದು. ಅಂಗಿ ಹರಿದೀತೇ ಹೊರತು ಅವಳು ಹಾಕಿದ ಗುಂಡಿ ಕಿತ್ತು ಬರುತ್ತಿರಲಿಲ್ಲ. ಅದಕ್ಕೇ ಎಲ್ಲರಿಗೂ ಅವಳು ಗುಂಡಿ. "ನಮ್ಮ ಗುಂಡಿಗಿಂತ ಅವಳ ಗುಂಡಿಗೆ ದೊಡ್ಡದು" ಎಂದು ಅಪ್ಪ ಹೇಳುತ್ತಿದ್ದ. ಅವನ ಬತ್ತಳಿಕೆಯಲ್ಲಿದ್ದ ಜೋಕು ಅದೊಂದೇ ಆದ್ದರಿಂದ ಪ್ರತಿ ಸಲವೂ ಎಲ್ಲರೂ ಹೊಸದಾಗಿ ನಗುತ್ತಿದ್ದರು.

ತೊಂದರೆ ಇದ್ದದ್ದು ತಿಂಗಳ ಆ ನಾಲ್ಕು ದಿನದಲ್ಲಿ. ಮುಟ್ಟು ಎಂಬುದು ಆ ಮನೆಯಲ್ಲಿ ಯಾರೂ ಮುಟ್ಟದ ಮಾತು. ಮೊದಲ ಸಲ ಆದಾಗ ಹುಡುಗಿ ಗಾಬರಿಯಾಗಿ ಅತ್ತಳು. ಟೈಲರಮ್ಮನಿಗೆ ಏನು ಹೇಳಬೇಕೋ ತೋಚದೆ, "ಏನಿಲ್ಲ ಪುಟ್ಟ, ಒಂಚೂರು ಗಾಯ ಆಗಿದೆ, ಹೋಗುತ್ತೆ" ಎಂದುಬಿಟ್ಟಳು. ಗಾಯವೇನೋ ಹೋಯಿತು. ಮುಂದಿನ ತಿಂಗಳು ವಾಪಸ್ ಬಂತು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ತಿಂಗಳೂ ಗುಂಡಿ ಮೂಲೆ ಹಿಡಿಯುವುದು, ಊಟ ಬಿಡುವುದು, ಇರುಸುಮುರುಸಾಗಿ ಪ್ಯಾಡು ಕಿತ್ತೆಸೆಯುವುದು. ಒಂದು ದಿನವಂತೂ ಬ್ಯಾಂಕಿನ ಮ್ಯಾನೇಜರಮ್ಮ ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಾಗ, ಗುಂಡಿ ಒಳಗಿನಿಂದ ಬಂದು, ಕೈಯಲ್ಲಿದ್ದದ್ದನ್ನು ಸಾಕ್ಷಿಯಂತೆ ಎತ್ತಿ ಹಿಡಿದು, "ಅಮ್ಮ, ಮತ್ತೆ ಗಾಯ" ಎಂದಳು. ಮ್ಯಾನೇಜರಮ್ಮ ಸಂಭಾವಿತೆ, ಮೇಲೆ ನೋಡಿದರು. ಟೈಲರಮ್ಮನಿಗೆ ಮಾತ್ರ ನೆಲ ಬಿರಿದು ತನ್ನನ್ನೂ ಹೊಲಿಗೆ ಯಂತ್ರವನ್ನೂ ಒಟ್ಟಿಗೆ ನುಂಗಬಾರದೇ ಎನಿಸಿತು.

ಆ ಸಂಜೆ ಅವಳ ಅಕ್ಕ ಬಂದಳು. ಅಕ್ಕನ ಹತ್ತಿರ ಎಲ್ಲದಕ್ಕೂ ಒಂದು ಪರಿಹಾರ ಇರುತ್ತಿತ್ತು, ಮತ್ತು ಅದು ಸಾಮಾನ್ಯವಾಗಿ ಏನನ್ನಾದರೂ ಕಿತ್ತುಹಾಕುವುದೇ ಆಗಿರುತ್ತಿತ್ತು. ಹಲ್ಲು ನೋವೇ, ಕೀಳಿಸು. ಗಿಡಕ್ಕೆ ಹುಳವೇ, ಕೀಳು.

"ಗರ್ಭದ ಚೀಲಾನೇ ತೆಗೆಸಿಬಿಡೇ" ಎಂದಳು. "ಅವಳಿಗೆ ಅದ್ಯಾಕೆ ಹೇಳು. ಮದುವೆಯೋ, ಮಕ್ಕಳೋ? ತಿಂಗಳು ತಿಂಗಳು ಈ ರಗಳೆ ತಪ್ಪುತ್ತೆ." ಆಮೇಲೆ ದನಿ ತಗ್ಗಿಸಿದಳು. "ನಾಳೆ ಯಾವನಾದ್ರೂ ಏನಾದ್ರೂ ಮಾಡಿದ್ರೆ? ಅವಳಿಗೆ ಹೇಳ್ಕೊಳ್ಳೋಕೂ ಬರಲ್ಲ. ಆ ಭಯಾನೂ ತಪ್ಪುತ್ತೆ."

ಮೊದಲ ಕಾರಣ ಟೈಲರಮ್ಮನ ಕಿವಿಗೆ ಬಿತ್ತು. ಎರಡನೆಯದು ಎದೆಗೆ. ಅದು ಅಲ್ಲಿ ಮೊದಲೇ ಇತ್ತು, ಅಕ್ಕ ಹೆಸರಿಟ್ಟಳು ಅಷ್ಟೇ. ವಾರ ಕಳೆಯುವುದರೊಳಗೆ ತಾಯಿ ಮಗಳು ಆಸ್ಪತ್ರೆಯ ಬೆಂಚಿನ ಮೇಲಿದ್ದರು.

ಡಾಕ್ಟರು ನಿದ್ದೆಗೆಟ್ಟ ಕಣ್ಣಿನ, ನಿಧಾನದ ಮನುಷ್ಯ. ಗುಂಡಿಯನ್ನು ಪರೀಕ್ಷೆ ಮಾಡಿಸಿ, ಕಾಗದಗಳನ್ನು ನೋಡಿ, ಕನ್ನಡಕ ತೆಗೆದಿಟ್ಟರು.

"ಕಾಯಿಲೆ ಏನೂ ಇಲ್ಲ ಇವಳಿಗೆ. ತೆಗೆಯೋದು ನನಗೆ ಕಷ್ಟ ಅಲ್ಲಮ್ಮ. ತೆಗೆದದ್ದನ್ನ ವಾಪಸ್ ಇಡೋಕೆ ಬರಲ್ಲ. ಹುಡುಗಿ ಏನಂತಾಳೆ?"

"ಅವಳಿಗೇನು ಗೊತ್ತಾಗುತ್ತೆ ಡಾಕ್ಟ್ರೇ?"

"ಹೇಳಿ ನೋಡಿದ್ದೀರಾ?"

ಟೈಲರಮ್ಮ ಕೈಚೀಲದ ಹಿಡಿಯ ಹೊಲಿಗೆಯನ್ನು ಪರೀಕ್ಷಿಸತೊಡಗಿದಳು.

"ಕೆಳಗಡೆ ಸಿಸ್ಟರ್ ಒಬ್ಬರು ಗುರುವಾರ ಗುರುವಾರ ಮೈ ಬಗ್ಗೆ ಕ್ಲಾಸು ಮಾಡ್ತಾರೆ. ಇಬ್ಬರೂ ಹೋಗಿ ಬನ್ನಿ. ಮುಗಿದ ಮೇಲೆ ನಾನು ಇವಳನ್ನೇ ಕೇಳ್ತೀನಿ. ಅರ್ಥ ಮಾಡ್ಕೊಂಡು ಏನು ಹೇಳ್ತಾಳೋ, ಮುಂದಿನ ಮಾತು ಅದರ ಮೇಲೆ."

ಕೆಳಗಡೆ ಎಂದರೆ ವ್ಯಾಯಾಮದ ಹಾಲ್ ದಾಟಿ, ನಡಿಗೆ ಕಲಿಸುವ ಜೋಡಿ ಕಂಬಿಗಳನ್ನೂ ಗೋಡೆಯಗಲದ ಕನ್ನಡಿಯನ್ನೂ ದಾಟಿ, ಕೊನೆಯ ಕೋಣೆ. ಬಾಗಿಲ ಮೇಲೆ ಒಂದು ಬೋರ್ಡು: "ತಟ್ಟಿ. ಒಳಗಿನವರು ಬನ್ನಿ ಅನ್ನುವವರೆಗೆ ಕಾಯಿರಿ." ಆಸ್ಪತ್ರೆಯಲ್ಲಿ ಅಂಥ ಬೋರ್ಡು ಟೈಲರಮ್ಮ ನೋಡಿದ್ದು ಅದೇ ಮೊದಲು. ಗುಂಡಿ ತಟ್ಟಿ, ಕಾದು, "ಬನ್ನಿ" ಅನ್ನಿಸಿಕೊಂಡು ಒಳಗೆ ಹೋದಳು. ಪಾಠ ಅಲ್ಲೇ ಶುರುವಾಗಿಬಿಟ್ಟಿತ್ತು ಎಂದು ಟೈಲರಮ್ಮನಿಗೆ ಹೊಳೆದದ್ದು ಬಹಳ ಆಮೇಲೆ.

ಕ್ಲಾಸು ನಡೆಸುತ್ತಿದ್ದ ನರ್ಸಿಗೆ ಹುಡುಗರು ಇಟ್ಟ ಹೆಸರು ನೇರಮ್ಮ. ಸುತ್ತಿ ಬಳಸಿ ಹೇಳುವುದು ಅವರಿಗೆ ಬರುತ್ತಲೇ ಇರಲಿಲ್ಲ. "ಮೂಗು, ಮೊಣಕೈ, ಮೊಲೆ, ಯೋನಿ, ಶಿಶ್ನ, ಮೊಣಕಾಲು" ಎಂದು ಹಾಜರಿ ಕರೆದಂತೆ ಒಂದೇ ದನಿಯಲ್ಲಿ ಕರೆದುಕೊಂಡು ಹೋದರು. ಯಾವ ಹೆಸರಿಗೂ ಹೆಚ್ಚು ಜೋರಿಲ್ಲ, ಯಾವುದಕ್ಕೂ ಪಿಸುಮಾತಿಲ್ಲ. ಟೈಲರಮ್ಮ ಮೇಲಿನ ಫ್ಯಾನನ್ನೇ ನೋಡುತ್ತ ಕೂತಳು. ಫ್ಯಾನು ತಿರುಗುತ್ತಿರಲಿಲ್ಲ. ತಿರುಗುತ್ತಿದ್ದದ್ದು ಅವಳ ತಲೆ.

ಅವಳ ಬಾಳಿನ ಮೊದಲ ಸಿಸ್ಟರು ಪಾಠಕ್ಕೆ ಗುಂಡುಸೂಜಿ ಚುಚ್ಚಿದ್ದರು. ಈ ಸಿಸ್ಟರು ಬರೀ ಇಂಜೆಕ್ಷನ್ ಸೂಜಿಯವರು ಎಂದುಕೊಂಡಿದ್ದಳು, ಇವರು ಆ ಗುಂಡುಸೂಜಿಯನ್ನೇ ಕಿತ್ತುಬಿಟ್ಟರು.

ಕ್ಲಾಸಿನಲ್ಲಿ ಗಾಲಿಕುರ್ಚಿಯ ಯುವಕನೊಬ್ಬನಿದ್ದ. ಬೈಕಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವನು, ಹೆಸರು ಮಾತ್ರ ಈಗಲೂ ಸ್ಪೀಡು. ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಳು, ಕಚೇರಿಯೊಂದರಲ್ಲಿ ಫೋನು ಎತ್ತುವ ಕೆಲಸ. ಸ್ಪೀಡು ಮೊದಲ ದಿನವೇ, "ಸಿಸ್ಟರ್, ನಂಗೆ ಮದುವೆ ಆಗಬಹುದಾ?" ಎಂದು ಕೇಳಿದ. ಅವನ ದನಿಯಲ್ಲಿ ತಮಾಷೆ ಅರ್ಧ ಮಾತ್ರ ಇತ್ತು.

"ಆಗಬಹುದು" ಎಂದರು ನೇರಮ್ಮ. "ನಿನ್ನ ಮೈ ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದನ್ನ ಡಾಕ್ಟರೇ ಕೂರಿಸಿ ಹೇಳ್ತಾರೆ, ನಾಚ್ಕೊಳ್ದೆ ಕೇಳು. ಆದರೆ ಮೊದಲು ಒಬ್ಬಳು ಒಪ್ಪಬೇಕಲ್ಲ. ಆ ಕಷ್ಟ ನಡೆದಾಡೋರಿಗೂ ಇದೆ."

ಎಲ್ಲರಿಗಿಂತ ಜೋರಾಗಿ ನಕ್ಕವನು ಸ್ಪೀಡು.

ಪಾಠಕ್ಕೆ ಎರಡು ಬಟ್ಟೆಯ ಗೊಂಬೆಗಳಿದ್ದವು, ಒಂದು ಹೆಣ್ಣು, ಒಂದು ಗಂಡು. ಎಷ್ಟೋ ಕೈ ಕಂಡು ಕುತ್ತಿಗೆ ಜೋತುಬಿದ್ದಿತ್ತು, ಹೊಟ್ಟೆಯ ಹತ್ತಿ ಹೊರಗಿಣುಕುತ್ತಿತ್ತು. ಕ್ಲಾಸು ಮುಗಿದಾಗ ನೇರಮ್ಮ ಕೇಳಿದರು, "ಅಮ್ಮ, ನೀವು ಟೈಲರಂತೆ. ಹೊಸ ಜೋಡಿ ಒಂದು ಹೊಲಿದುಕೊಡ್ತೀರಾ? ಮನುಷ್ಯರ ಹಾಗೇ ಇರಬೇಕು. ಬಟ್ಟೆ ಬಿಚ್ಚಿ ತೊಡಿಸೋ ಹಾಗಿರಬೇಕು."

ಆಸ್ಪತ್ರೆಯವರು ಕೇಳಿದರೆ ಇಲ್ಲವೆನ್ನುವುದುಂಟೇ? ಟೈಲರಮ್ಮ ಒಪ್ಪಿದಳು. ಒಪ್ಪಿದ ಮೇಲೆ ಅವಳ ಕೈಗೆ ಹುರುಪು ಬಂತು. ಮೈಗೆ ಮೆತ್ತನೆಯ ಹತ್ತಿಬಟ್ಟೆ, ಕೂದಲಿಗೆ ಕಪ್ಪು ಉಣ್ಣೆ, ಕಿವಿ, ಹುಬ್ಬು, ಬೆರಳ ತುದಿಗೆ ಗುಲಾಬಿ ದಾರದ ಉಗುರು. ಹೆಣ್ಣು ಗೊಂಬೆಗೆ ಗೌನು, ಗಂಡಿಗೆ ಅಂಗಿ ಪ್ಯಾಂಟು, ಒಳಗೆ ಒಳಉಡುಪು, ಎಲ್ಲ ಅಳತೆಯ ಪ್ರಕಾರ. ಒಳಉಡುಪು ತೊಡಿಸಿದ ಮೇಲೆ ಅವಳ ಕೈ ನಿಲ್ಲಲಿಲ್ಲ. ಸೊಂಟದ ಸುತ್ತ, ತೊಡೆಯ ಸುತ್ತ, ಹೊರಗಿನಿಂದ ಕಾಣದ ಹೊಲಿಗೆಯಲ್ಲಿ ಅದನ್ನು ಗೊಂಬೆಯ ಮೈಗೇ ಸೇರಿಸಿ ಹೊಲಿದುಬಿಟ್ಟಿತು. ಅದೂ ಜೋಡಿ ದಾರದಲ್ಲಿ. ಹತ್ತು ಜನರ ಕೈಗೆ ಹೋಗುವ ವಸ್ತು, ಮರ್ಯಾದೆಯಾಗಿರಲಿ ಎಂದು.

ಮುಂದಿನ ಗುರುವಾರ ಗೊಂಬೆಗಳನ್ನು ನೋಡಿ ಕ್ಲಾಸೇ ಖುಷಿಪಟ್ಟಿತು. ಕಣ್ಣು ಕಾಣದ ಹುಡುಗಿ ಹೆಣ್ಣು ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಓದತೊಡಗಿದಳು. ಕೂದಲು, ಕಿವಿ, ಎದೆ, ಹೊಟ್ಟೆ. ಬೆರಳು ಅಲ್ಲಿ ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು.

"ಸಿಸ್ಟರ್, ಇಲ್ಲಿ ಕಾಂಪೌಂಡ್ ಹಾಕಿದ್ದಾರೆ" ಎಂದಳು.

ಗುಂಡಿ ಎದ್ದು ಬಂದು ಎಳೆದು ನೋಡಿದಳು. ಬರಲಿಲ್ಲ. ಗಂಡು ಗೊಂಬೆಯದನ್ನು ಎಳೆದಳು. ಅದೂ ಬರಲಿಲ್ಲ. ಬಹಳ ಯೋಚನೆ ಮಾಡಿ ತಾಯಿಯ ಕಡೆ ತಿರುಗಿದಳು.

"ಅಮ್ಮ, ಇವರು ಉಚ್ಚೆ ಹೇಗೆ ಮಾಡ್ತಾರೆ?"

ಸ್ಪೀಡು ಕುರ್ಚಿಯ ಹಿಡಿ ತಟ್ಟಿಕೊಂಡು ನಕ್ಕ. "ಪಾಪ, ಇಬ್ಬರಿಗೂ ಅರ್ಜೆಂಟಾದ್ರೆ ಕಥೆ ಮುಗೀತು." ಟೈಲರಮ್ಮನ ಕಿವಿ ಕೆಂಪಾಯಿತು. ನೇರಮ್ಮ ಮಾತ್ರ ಗೊಂಬೆಯನ್ನು ತಿರುಗಿಸಿ, ಹೊಲಿಗೆಯನ್ನು ಬೆಳಕಿಗೆ ಹಿಡಿದು, "ನಿಮ್ಮ ಕೈ ಬಹಳ ಗಟ್ಟಿ ಅಮ್ಮ. ನಾನೂ ಬಿಚ್ಚೋಕಾಗಲ್ಲ. ನೀವೇ ಬಿಚ್ಚಬೇಕು" ಎಂದರು. ಗದರಿದ ದನಿಯಲ್ಲ. ಆದರೂ ಟೈಲರಮ್ಮನಿಗೆ ಹಳೆಯ ವಿಜ್ಞಾನ ಪುಸ್ತಕದ ಗುಂಡುಸೂಜಿ ನೆನಪಾಯಿತು. ಈಗ ಚುಚ್ಚಿದ ಕೈ ತನ್ನದೇ.

ಎಲ್ಲರೂ ಹೋದ ಮೇಲೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

"ಸಿಸ್ಟರ್, ಬಿಚ್ಚಿಬಿಡಬಹುದು. ಬಿಚ್ಚಿದ ಮೇಲೆ ಅಲ್ಲಿ ಏನು ಹೊಲೀಬೇಕು ಅಂತ ನಂಗೆ ಸರಿಯಾಗಿ ಗೊತ್ತಿಲ್ಲ."

ನೇರಮ್ಮ ಒಂದು ಕಾಗದ ಎಳೆದುಕೊಂಡು ಚಿತ್ರ ಬರೆದರು. "ಇದು ಮೂತ್ರದ ದಾರಿ. ಇದು ಮುಟ್ಟು ಬರೋ ದಾರಿ, ಮಗು ಬರೋದೂ ಇಲ್ಲಿಂದಲೇ. ಇದು ಹಿಂದಿನದು."

ಟೈಲರಮ್ಮ ಕಾಗದವನ್ನು ಹತ್ತಿರ ಹಿಡಿದಳು. "ಎರಡಲ್ವಾ?"

"ಮೂರು ಅಮ್ಮ."

"ಯಾವಾಗಿನಿಂದ?"

"ಹುಟ್ಟಿದಾಗಿನಿಂದ."

ಒಂದು ಗಳಿಗೆ ಇಬ್ಬರೂ ಗಂಭೀರವಾಗಿದ್ದರು. ಆಮೇಲೆ ನಗು ಯಾರಿಂದ ಶುರುವಾಯಿತೋ, ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ಇಳಿಯುತ್ತಿದ್ದಂತೆ, ಅಕ್ಕನಿಗೂ ಗಂಡನಿಗೂ ಹೇಳದ ಮಾತು ಟೈಲರಮ್ಮನ ಬಾಯಿಂದ ಬಂತು. "ರಕ್ತಕ್ಕೆ ಹೆದರಿ ಅಲ್ಲ ಸಿಸ್ಟರ್ ಆಪರೇಷನ್ ಕೇಳಿದ್ದು. ನಾಳೆ ಯಾರಾದ್ರೂ ಇವಳ ಮೇಲೆ ಕೈ ಹಾಕಿದ್ರೆ?"

"ಆಪರೇಷನ್ನು ರಕ್ತ ನಿಲ್ಲಿಸುತ್ತೆ, ಕೈಯನ್ನ ನಿಲ್ಲಿಸಲ್ಲ" ಎಂದರು ನೇರಮ್ಮ. "ಮಾಡಿಸಿದ ಮೇಲೂ ಆ ಕೈ ಬರಬಹುದು. ಬಸಿರಿನ ಗುರುತು ಉಳಿಯಲ್ಲ, ಅಷ್ಟೇ. ಅವಳಿಗೆ ಹೆಸರು ಗೊತ್ತಿದ್ರೆ, ಬೇಡ ಅನ್ನೋಕೆ ಗೊತ್ತಿದ್ರೆ, ಬಂದು ನಿಮಗೆ ಹೇಳ್ತಾಳೆ. ನೀವು ನಂಬಬೇಕು."

ಮನೆಗೆ ಬಂದು ಟೈಲರಮ್ಮ ಬ್ಲೇಡು ತೆಗೆದುಕೊಂಡು ತನ್ನದೇ ಹೊಲಿಗೆಯನ್ನು ಎಳೆ ಎಳೆಯಾಗಿ ಬಿಚ್ಚಿದಳು. ತಾನು ಇಷ್ಟು ಗಟ್ಟಿಯಾಗಿ ಹೊಲಿಯುತ್ತೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಚಿತ್ರ ಮುಂದಿಟ್ಟುಕೊಂಡು ಎರಡೂ ಗೊಂಬೆಗಳನ್ನು ಪೂರ್ತಿ ಮಾಡಿದಳು. ಗಂಡು ಗೊಂಬೆಯನ್ನು ಗಂಡ ಒಮ್ಮೆ ನೋಡಿ, ಕೆಮ್ಮಿ, ಇಸ್ತ್ರಿಯ ಕಡೆ ತಿರುಗಿಕೊಂಡ. ಹೆಣ್ಣು ಗೊಂಬೆಯ ಹೊಟ್ಟೆಯೊಳಗೆ ಗರ್ಭಕೋಶ ಬೇಕಿತ್ತು. ಅವಳಿಗೆ ಗೊತ್ತಿದ್ದದ್ದು ಜೇಬು. ಜೇಬನ್ನೇ ಹೊಲಿದಳು. ಒಳಗೊಂದು ಪದರ ಬೆಳೆಯುತ್ತದೆ, ಬೇಡವಾದಾಗ ಕಳಚಿ ಹೊರಬರುತ್ತದೆ ಎಂದು ಸಿಸ್ಟರು ಹೇಳಿದ್ದರಲ್ಲ, ಅದಕ್ಕೆ ಕೆಂಪು ಸ್ಯಾಟಿನ್ನಿನ ಲೈನಿಂಗು ಕತ್ತರಿಸಿ, ಒತ್ತುಗುಂಡಿ ಹಾಕಿ, ಎಳೆದರೆ ಕಳಚುವಂತೆ ಮಾಡಿದಳು. ಸ್ಯಾಟಿನ್ನನ್ನು ಇಸ್ತ್ರಿಗೆ ಕೊಟ್ಟಾಗ ಗಂಡ, "ಇದಕ್ಕೆ ಸುಕ್ಕು ಇರಬೇಕಾ, ಬೇಡವಾ?" ಎಂದು ಕೇಳಿದ. ಅವನೂ ಕಲಿಯುತ್ತಿದ್ದ.

ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಇದು ಜೇಬು. ನಿನ್ನ ಹೊಟ್ಟೆಯೊಳಗೂ ಇದೆ, ನನಗೂ ಇದೆ. ಒಳಗೆ ಲೈನಿಂಗು. ತಿಂಗಳಿಗೊಂದು ಸಲ ಹಳೇ ಲೈನಿಂಗು ಕಳಚಿ ಹೊರಗೆ ಬರುತ್ತೆ. ಆಮೇಲೆ ಹೊಸಾದು. ಅದೇ ಮುಟ್ಟು."

ಲೈನಿಂಗು, ಒತ್ತುಗುಂಡಿ, ಜೇಬು. ಗುಂಡಿಗೆ ಇವೆಲ್ಲ ದಿನನಿತ್ಯದ ನೆಂಟರು. ತಾನೇ ಎಳೆದಳು, ಟಪ್ಪೆಂದು ಕಳಚಿತು. ಮತ್ತೆ ಹಾಕಿದಳು. ಮತ್ತೆ ಎಳೆದಳು.

"ಗಾಯ ಅಲ್ವಾ?"

"ಅಲ್ಲ ಪುಟ್ಟ. ನಾನು ತಪ್ಪು ಹೇಳಿದ್ದೆ."

ಗುಂಡಿ ಕೆಂಪು ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಕೇಳಿದಳು, "ಹಂಗಾದ್ರೆ ನಾನು ಸಾಯಲ್ವಾ?"

ಇಷ್ಟು ವರ್ಷ, ಪ್ರತಿ ತಿಂಗಳು, ಆ ಮೂಲೆಯಲ್ಲಿ ಕೂತು ಈ ಹುಡುಗಿ ಅದನ್ನೇ ಕಾಯುತ್ತಿದ್ದಳೇ? ಟೈಲರಮ್ಮ ಮಗಳ ತಲೆಯನ್ನು ಎದೆಗೊತ್ತಿಕೊಂಡಳು. "ಸಾಯಲ್ಲ ಕಣೇ. ಲೈನಿಂಗು ಬದಲಾಗುತ್ತೆ, ಅಷ್ಟೇ." ಹಿಂದಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಬಹಳ ಹೊತ್ತು ಬುಸುಗುಡಲಿಲ್ಲ.

ಆ ತಿಂಗಳು ಗುಂಡಿ ಮೂಲೆ ಹಿಡಿಯಲಿಲ್ಲ. ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಕ್ಲಾಸಿನಲ್ಲಿ ಗೊಂಬೆಗೆ ಮಾಡಿದಂತೆ ತನಗೂ ಮಾಡಿಕೊಂಡಳು. ಪ್ಯಾಡು ತುಸು ಓರೆಯಾಗಿತ್ತು. ಟೈಲರಮ್ಮ ಮೊದಲು ಬಾಗಿಲು ತಟ್ಟಿ, ಕೇಳಿ, ಆಮೇಲೆ ಸರಿಮಾಡಿದಳು.

ಇನ್ನೊಂದು ಸಂಗತಿ ನಡೆಯಿತು. ಅಂಗಡಿಗೆ ದಾರ, ಗುಂಡಿ ತಂದುಕೊಡುವ ವ್ಯಾಪಾರಿಯೊಬ್ಬನಿದ್ದ. ಮಾತಿಗೆ ಎಲ್ಲರಿಗೂ ಮಾಮ. ಬಂದಾಗಲೆಲ್ಲ ಗುಂಡಿಯ ಸೊಂಟ ಬಳಸಿ ನಿಂತು ಮಾತಾಡುವುದು ಅವನ ಹಳೆಯ ರೂಢಿ. ಅಂದೂ ಬಳಸಿದ. ಗುಂಡಿ ಕೈಯಲ್ಲಿದ್ದ ಸೂಜಿಯನ್ನು ಜೋಪಾನವಾಗಿ ದಿಂಬಿಗೆ ಚುಚ್ಚಿಟ್ಟು ಹೇಳಿದಳು, "ಮಾಮ, ಕೈ ತೆಗೀರಿ. ನನ್ನ ಸೊಂಟ ಅದು. ನೀವು ಕೇಳಿಲ್ಲ."

ಮಾಮ ನಕ್ಕ. "ಅಯ್ಯೋ, ಇವಳನ್ನ ಎತ್ತಿ ಆಡಿಸಿದ ಕೈ ಇದು." ಕೈ ಅಲ್ಲೇ ಇತ್ತು. ತಾನು ಹೇಳಿದ್ದಕ್ಕೆ ಹೂಂ ಅನ್ನಲಿ ಎಂಬಂತೆ ಟೈಲರಮ್ಮನ ಮುಖ ನೋಡಿದ. ಮೊದಲಾಗಿದ್ದರೆ ಅವಳು, ಬಿಡಿ ಮಾಮ, ಅವಳಿಗೇನು ಗೊತ್ತಾಗುತ್ತೆ ಎಂದು ನಕ್ಕು ತೇಲಿಸುತ್ತಿದ್ದಳು. ಆ ನಗು ಗಂಟಲವರೆಗೆ ಬಂದೂ ಇತ್ತು.

"ತೆಗೀರಿ ಅಂದಳಲ್ಲ" ಎಂದಳು.

ಇಸ್ತ್ರಿ ಕೋಣೆಯ ಬಾಗಿಲಲ್ಲಿ ಗಂಡ ಬಂದು ನಿಂತಿದ್ದ, ಕೈಯಲ್ಲಿ ಪೆಟ್ಟಿಗೆ, ಅದು ಕಾದಿತ್ತು. ಮಾಮ ಕೈ ತೆಗೆದ. ಅಲ್ಲಿಂದ ಮುಂದೆ ಅವನು ಸರಕನ್ನು ಹೊಸ್ತಿಲಲ್ಲೇ ಇಟ್ಟು ಹೋಗುತ್ತಿದ್ದ. ಟೈಲರಮ್ಮನ ಎದೆಯೊಳಗಿನ ಭಯ ಪೂರ್ತಿ ಹೋಗಲಿಲ್ಲ. ಆದರೆ ಇಷ್ಟು ದಿನ ಅದನ್ನು ಒಬ್ಬಳೇ ಹೊತ್ತಿದ್ದಳು. ಈಗ ಇನ್ನೊಂದು ತುದಿ ಮಗಳೇ ಹಿಡಿದಿದ್ದಳು.

ಕ್ಲಾಸು ಮುಗಿದ ಮೇಲೆ ಡಾಕ್ಟರು ಕರೆಸಿದರು. ಗುಂಡಿ ಗೊಂಬೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದಳು. ನೇರಮ್ಮ ಪಕ್ಕದಲ್ಲಿ ನಿಂತರು. ಟೈಲರಮ್ಮನಿಗೆ, ಮಾತಾಡಬೇಡಿ ಎಂದು ಮೊದಲೇ ಹೇಳಿದ್ದರು. ಅವಳು ತುಟಿಗೆ ಜೋಡಿ ದಾರದ ಹೊಲಿಗೆ ಹಾಕಿಕೊಂಡು ಕೂತಳು.

"ನಿಮ್ಮ ಅಮ್ಮ ಒಂದು ಆಪರೇಷನ್ ಕೇಳಿದ್ರು" ಎಂದರು ಡಾಕ್ಟರು. "ಏನು ಅಂತ ಗೊತ್ತಾ?"

ಗುಂಡಿ ಗೊಂಬೆಯ ಗೌನು ಸರಿಸಿ, ಜೇಬು ತೋರಿಸಿದಳು. "ಇದನ್ನ ತೆಗೀತೀರಿ."

"ಹೌದು. ತೆಗೆದ್ರೆ ಮುಟ್ಟು ಬರಲ್ಲ. ಮಗೂನೂ ಆಗಲ್ಲ, ಯಾವತ್ತೂ. ಮತ್ತೆ ಹಾಕೋಕೆ ಆಗಲ್ಲ. ತೆಗೀಲಾ?"

ಗುಂಡಿ ನಿಧಾನಸ್ಥೆ. ಜೇಬಿನೊಳಗೆ ಬೆರಳು ಹಾಕಿ ಸುತ್ತ ಸವರಿದಳು, ಅಂಗಿ ರಿಪೇರಿಗೆ ಬಂದಾಗ ಎಲ್ಲಿ ಬಿಟ್ಟಿದೆ ಎಂದು ನೋಡುವಂತೆ. ಡಾಕ್ಟರು ಕಾದರು. ಹೊರಗೆ ಜನರ ಸಾಲಿತ್ತು, ಆದರೂ ಕಾದರು.

"ನಂದು ಹರಿದಿದೆಯಾ?" ಎಂದು ಕೇಳಿದಳು.

"ಇಲ್ಲ. ಚೆನ್ನಾಗಿದೆ."

"ಚೆನ್ನಾಗಿರೋದನ್ನ ಯಾಕೆ ಬಿಚ್ತೀರಿ?"

ಡಾಕ್ಟರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಸ್ವಲ್ಪ ಮುಂದೆ ಬಾಗಿ ಇನ್ನೊಮ್ಮೆ ಕೇಳಿದರು, "ತಿಂಗಳು ತಿಂಗಳು ಕಷ್ಟ ಆಗಲ್ವಾ?"

"ಹೊಟ್ಟೆ ನೋಯುತ್ತೆ. ಆಮೇಲೆ ಹೋಗುತ್ತೆ. ನಂಗೆ ಬರುತ್ತೆ ಮಾಡ್ಕೊಳ್ಳೋಕೆ." ಗುಂಡಿ ಗೌನನ್ನು ಕೆಳಗೆಳೆದು ಸರಿಮಾಡಿದಳು. "ಬೇಡ. ಇದು ನಂದು."

"ಸರಿ" ಎಂದರು ಡಾಕ್ಟರು. "ಹೊಟ್ಟೆ ನೋವಿಗೆ ಮಾತ್ರೆ ಬರೆದುಕೊಡ್ತೀನಿ."

ಕಾರಿಡಾರಿಗೆ ಬರುತ್ತಲೇ ಟೈಲರಮ್ಮನ ಫೋನು ಹೊಡೆದುಕೊಂಡಿತು. ಅಕ್ಕ.

"ಡೇಟು ಕೊಟ್ರಾ?"

"ಇಲ್ಲ ಅಕ್ಕ. ಬೇಡ ಅಂದ್ರು."

"ಯಾರು, ಡಾಕ್ಟ್ರಾ?"

"ಅಲ್ಲ. ಚೀಲದ ಯಜಮಾನಿ."

ಅಕ್ಕ ಆ ಕಡೆ ಏನೋ ಹೇಳುತ್ತಲೇ ಇದ್ದಳು. ಟೈಲರಮ್ಮ ಫೋನನ್ನು ಮೆಲ್ಲಗೆ ಕೈಚೀಲಕ್ಕೆ ಇಳಿಸಿ, ನೇರಮ್ಮನ ಕಡೆ ತಿರುಗಿದಳು. ಅವರಿಗೆ ಹೇಳಬೇಕಾದ್ದು ಬಹಳವಿತ್ತು. ತನ್ನ ಮಗಳ ದೇಹವನ್ನು ಮಗಳಿಗೇ ವಾಪಸ್ ಕೊಡಿಸಿದ್ದೀರಿ ಎಂದೋ, ನನ್ನದನ್ನೂ ನನಗೆ ಪರಿಚಯ ಮಾಡಿಸಿದಿರಿ ಎಂದೋ. ಅಂಥ ಮಾತು ಅವಳಿಗೆ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಒಂದೇ. ಕುತ್ತಿಗೆಯಲ್ಲಿ ಸದಾ ನೇತಾಡುವ ಟೇಪನ್ನು ಕೈಗೆ ತೆಗೆದುಕೊಂಡಳು.

"ಸಿಸ್ಟರ್, ನಿಮಗೊಂದು ಕೋಟು ಹೊಲೀತೀನಿ. ಬೇಡ ಅನ್ನಬಾರದು." ಅಭ್ಯಾಸಬಲದಿಂದ ಟೇಪು ಆಗಲೇ ನೇರಮ್ಮನ ಭುಜದವರೆಗೆ ಹೋಗಿತ್ತು.

"ಅಮ್ಮ" ಎಂದಳು ಗುಂಡಿ ಹಿಂದಿನಿಂದ. "ಕೇಳಿಲ್ಲ."

ಟೈಲರಮ್ಮ ಟೇಪನ್ನು ಹಿಂದಕ್ಕೆ ತೆಗೆದುಕೊಂಡಳು. "ಅಳತೆ ತಗೊಳ್ಳಲಾ ಸಿಸ್ಟರ್? ಭುಜ, ಎದೆ, ಸೊಂಟ, ಪೃಷ್ಠ."

ಒಂದೊಂದರ ಹೆಸರೂ ಹೇಳಿಯೇ ಕೇಳಿದಳು. ನೇರಮ್ಮ ನಗುತ್ತ ಕೈಯಗಲಿಸಿ ನಿಂತರು, "ತಗೊಳ್ಳಿ." ಗುಂಡಿ ಗೊಂಬೆಯನ್ನು ಬೆಂಚಿನ ಮೇಲೆ ಕೂರಿಸಿ, ಅಳತೆ ಬರೆದುಕೊಳ್ಳಲು ಪೆನ್ನು ಹುಡುಕತೊಡಗಿದಳು.